ಬೂದಿಯಾಗದ ಕಾವಲಿ

ಸ್ವರ್ಣಲತಾ ದೋಸೆ ಕಾವಲಿಯ ಅಂಚಿಗೆ ಎರಡೂ ಕೈ ಕೊಟ್ಟು ಎತ್ತಲು ನೋಡಿದಳು. ಸೊಂಟ ಹಿಡಿಯಿತೇ ಹೊರತು ಕಬ್ಬಿಣ ಕೂದಲೆಳೆಯಷ್ಟೂ ಸರಿಯಲಿಲ್ಲ. ಇದು ತನ್ನ ಕೈಲಾಗುವ ಕೆಲಸವಲ್ಲ ಎಂದು ಬಿಟ್ಟು, ಒಲೆಯ ಮುಂದೆ ಮಂಡಿಯೂರಿ, ಮೊಬೈಲಿನ ಟಾರ್ಚನ್ನು ಕಾವಲಿಯ ಮುಂಬದಿಯ ಅಂಚಿಗೆ ಹಿಡಿದಳು.

ಎಣ್ಣೆಯ ಪದರದ ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಹೊಡೆದ ಕನ್ನಡ ಅಕ್ಷರಗಳಿದ್ದವು. ಉಗುರಿನಿಂದ ಕೆರೆದಳು. 'ಅನ್ನಸುಧಾ, ಕಿಸಾಲಿ.'

ಕುಂದಾಪುರದ ಕಡೆಯವರು ಹೆತ್ತ ಮಗುವಿಗೆ ಹೆಸರಿಡಲು ತಡ ಮಾಡಿಯಾರು, ಕೊಂಡ ಪಾತ್ರೆಗೆ ಹೆಸರು ಹಾಕಿಸಲು ತಡ ಮಾಡುವುದಿಲ್ಲ. ಮದುವೆಮನೆಗೆ ಕೊಟ್ಟ ಕೊಪ್ಪರಿಗೆ ತಿರುಗಿ ಬರಬೇಕಲ್ಲ, ಅದಕ್ಕೆ. ಈ ಹೋಟೆಲಿನ ಮಾಲೀಕ ಗಣಪಯ್ಯ ಹೊಳ್ಳರು ದೇಶ ಬಿಟ್ಟು ದೇಶಕ್ಕೆ ಹೋದರೂ ಆ ಚಾಳಿ ಬಿಟ್ಟಿರಲಿಲ್ಲ. ಅಳಿಸಿ ಹಾಕುವ ಬುದ್ಧಿಯೂ ಬಂದಿರಲಿಲ್ಲ. ತನ್ನ ಹೆಸರಿನ ಮೇಲೆ ಅಷ್ಟು ಮೋಹ ಇರುವವನು ಕಳ್ಳನಾಗಬಾರದು ಎಂದುಕೊಂಡು ಸ್ವರ್ಣಲತಾ ಎದ್ದು ಮಂಡಿ ಒರೆಸಿಕೊಂಡಳು.

"ಅದೇಯಾ ಸ್ವರ್ಣಕ್ಕ?" ಎಂದು ಮೂಲೆಯಿಂದ ಇಂದು ಕೇಳಿದಳು. ಈರುಳ್ಳಿ ಚೀಲದ ಪಕ್ಕ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದಳು. ಬರಬೇಡ ಎಂದರೂ ಕೇಳದೆ ಹೌನ್ಸ್ಲೋದಿಂದ ಎರಡು ಬಸ್ಸು ಬದಲಿಸಿ ಹಿಂದೆ ಬಂದವಳು. ಅಭ್ಯಾಸದಂತೆ ಕರಿಮಣಿ ಸರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅದಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನುಗಳನ್ನೂ ಸಣ್ಣ ಕೀಲಿಕೈಯನ್ನೂ ಒಂದರ ಮೇಲೊಂದು ಸರಿಸುತ್ತಿದ್ದಳು.

"ಅದೇ," ಎಂದಳು ಸ್ವರ್ಣಲತಾ.

ಇದೇ ಬೇಕಾಗಿದ್ದದ್ದು. ಆರು ವರ್ಷದ ಹಿಂದೆ ತೊರೊಂಬೆ ದೇಶದಲ್ಲಿ ಟೆಂಬೆ ಜನಕ್ಕೂ ಲೂವಾ ಜನಕ್ಕೂ ಕೋವಿ ಹಿಡಿದ ಕಾಳಗ ನಡೆದಿದ್ದಾಗ, ಕಿಸಾಲಿ ಎಂಬ ಊರಿನ ಅನ್ನಸುಧಾ ಎಂಬ ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ಮಂದಿ ಲೂವಾಗಳು ಅಡಗಿ ಕೂತಿದ್ದರು. ಹೆಂಗಸರು, ಮಕ್ಕಳು, ಒಬ್ಬ ಕುರುಡ ಮುದುಕ. ಟೆಂಬೆ ಪಡೆಯವರು ರಾತ್ರಿ ಬಂದು ಹಿತ್ತಿಲ ಕಡೆಯಿಂದ ಬೆಂಕಿ ಹಚ್ಚಿದರು. ಒಬ್ಬರೂ ಹೊರಗೆ ಬರಲಿಲ್ಲ, ಏಕೆಂದರೆ ಕಬ್ಬಿಣದ ಶಟರಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಅದು ಪಡೆಯವರ ಬೀಗವಲ್ಲ, ಹೋಟೆಲಿನದೇ ಬೀಗ.

ಹಾಕಿದವರು ಯಾರು? ಅಡುಗೆಯ ಮಾಧವ ಎಂದು ತೊರೊಂಬೆ ಸರ್ಕಾರ ಹೇಳುತ್ತಿತ್ತು. ಅವನನ್ನು ನಮಗೆ ಒಪ್ಪಿಸಿ ಎಂದು ಲಂಡನ್ನಿನ ಕೋರ್ಟಿನಲ್ಲಿ ಕೇಳಿತ್ತು. ಇಂದುವಿನ ಗಂಡ ಮಾಧವ ಕಾಲಿಗೆ ಪೊಲೀಸರ ಟ್ಯಾಗ್ ಕಟ್ಟಿಸಿಕೊಂಡು ಹೌನ್ಸ್ಲೋದ ಫ್ಲ್ಯಾಟಿನಲ್ಲಿ ಕೂತಿದ್ದ. ಬೆಳಗಾದರೆ ವಿಚಾರಣೆ. ಒಪ್ಪಿಸಿದರೆ ಅಲ್ಲಿಂದ ಅವನು ಜೀವಸಹಿತ ಬರುವುದಿಲ್ಲ. ಅವನ ವಿರುದ್ಧ ಇದ್ದದ್ದು ಒಬ್ಬನೇ ಸಾಕ್ಷಿ: ಹೋಟೆಲಿನ ಮಾಲೀಕ ಗಣಪಯ್ಯ ಹೊಳ್ಳ.

ಆ ಗಣಪಯ್ಯ ಈಗ ಲಂಡನ್ನಿನ ರೇನರ್ಸ್ ಲೇನಿನ ದೊಡ್ಡ ಮನುಷ್ಯ. ಸಟನ್ನಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿಯ ವೀಸಾದ ಬಾಲ ಹಿಡಿದು ಬಂದು, ಹಳೆಯ ಹೆಸರಿನಲ್ಲೇ ಈ ಹೊಸ ಅನ್ನಸುಧಾ ತೆರೆದು, ಸತ್ತವರ ಹೆಸರಿನಲ್ಲಿ ವರ್ಷಕ್ಕೊಂದು ಸ್ಮರಣೆ ಸಭೆ ಮಾಡಿಸುತ್ತಿದ್ದ. ವೇದಿಕೆ ಹತ್ತಿದಾಗಲೆಲ್ಲ ಅದೇ ಮಾತು. ಉಟ್ಟ ಬಟ್ಟೆಯಲ್ಲಿ ಹಿತ್ತಿಲ ಗೋಡೆ ಹಾರಿ ಓಡಿದೆ, ಒಂದು ಚಮಚವನ್ನೂ ತರಲಿಲ್ಲ, ಎಲ್ಲ ಬೂದಿಯಾಯಿತು. ಕೇಳಿದವರು ಕಣ್ಣೊರೆಸಿಕೊಂಡು ಹೋಗಿ ಕೇಸರಿಬಾತು ಹಾಕಿಸಿಕೊಳ್ಳುತ್ತಿದ್ದರು.

ಹೊರಗಿನ ಊಟದ ಹಾಲಿನಲ್ಲಿ ಈ ವರ್ಷದ ಸಭೆಯ ತಯಾರಿ ನಡೆದಿತ್ತು. ಸ್ಮರಣೆ ಸಮಿತಿಯ ಕಾರ್ಯದರ್ಶಿ ಯಶಸ್, ಬೆಂಗಳೂರಿನ ಐಟಿಯವನು, ಬ್ಯಾನರಿಗೆ ಟೇಪು ಹಚ್ಚುತ್ತಿದ್ದ. ಬ್ಯಾನರಿನಲ್ಲಿ ಸತ್ತವರಿಗಿಂತ ಪ್ರಾಯೋಜಕರು ದೊಡ್ಡದಾಗಿ ಕಾಣುತ್ತಿದ್ದರು. ಬೆಂಕಿಯಲ್ಲಿ ಸತ್ತವರಿಗೆ ಹಚ್ಚಲು ಬ್ಯಾಟರಿ ದೀಪಗಳ ಪೆಟ್ಟಿಗೆ ಬಂದಿತ್ತು, ಕೌನ್ಸಿಲ್ ಹಾಲಿನಲ್ಲಿ ನಿಜವಾದ ದೀಪ ಹಚ್ಚಿದರೆ ಅಪಾಯವಂತೆ. ಸ್ವರ್ಣಲತಾ ಬಂದಾಗ ಅವನು ನಯವಾಗಿ ಬೇಡಿಕೊಂಡಿದ್ದ: "ಮೇಡಂ, ಅಂಕಲ್ ಹತ್ರ ಏನ್ ಬೇಕಾದ್ರೂ ಕೇಳಿ, ಆದ್ರೆ ಸಂಡೇ ಆದ್ಮೇಲೆ. ಕೌನ್ಸಿಲರ್ ಬರ್ತಿದಾರೆ. ಮಾಧವ್ ಬಗ್ಗೆ ನಮ್ದು ನ್ಯೂಟ್ರಲ್ ಸ್ಟ್ಯಾಂಡು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಕಡೆ ಒಬ್ಬ ಮನುಷ್ಯನ ಕೊರಳಿಗೆ ಹಗ್ಗ ಬೀಳುತ್ತಿದ್ದರೆ ಈ ಕಡೆ ನ್ಯೂಟ್ರಲ್ಲು. ಸ್ವರ್ಣಲತಾಳಿಗೆ ಅವನ ಮುಖಕ್ಕೆ ಒಂದು ಮಾತು ಎಸೆಯಬೇಕೆನಿಸಿತ್ತು. ವ್ಯರ್ಥ ಎಂದು ಸುಮ್ಮನೆ ಅಡುಗೆಮನೆ ಹೊಕ್ಕಿದ್ದಳು. ಮಧ್ಯಾಹ್ನದ ಊಟ ಮುಗಿದು ಅಡುಗೆಯವರೆಲ್ಲ ಮಹಡಿಯಲ್ಲಿ ಮಲಗಿದ್ದ ಹೊತ್ತು ಅದು.

ಈಗ ಅವಳು ಮೊಬೈಲಿನ ರೆಕಾರ್ಡರ್ ಒತ್ತಿ, ಎಲ್ಲರಿಗೂ ಕಾಣುವಂತೆ ಮಸಾಲೆ ಡಬ್ಬಿಗಳ ಸಾಲಿಗೆ ಒರಗಿಸಿ ಇಟ್ಟಳು. ಸಂಜೆಯೊಳಗೆ, ತನ್ನನ್ನು ಪತ್ತೆ ಕೆಲಸಕ್ಕೆ ಹಚ್ಚಿದ ಮಾಧವನ ವಕೀಲೆ ಅಪೂರ್ವಾಳಿಗೆ ಏನಾದರೂ ಕಳಿಸಲೇಬೇಕಿತ್ತು.

ಹಿಂಬಾಗಿಲು ತೆರೆಯಿತು. ಗಣಪಯ್ಯ ಕೊತ್ತಂಬರಿ ಕಟ್ಟುಗಳನ್ನು ಎದೆಗವಚಿಕೊಂಡು ಒಳಗೆ ಬಂದರು. ಬಿಳಿ ಅಂಗಿ, ಹಣೆಯಲ್ಲಿ ಗಂಧ, ಮುಖದಲ್ಲಿ ಅನ್ನದಾನಿಯ ಕಳೆ. ಇಂದುವನ್ನು ನೋಡಿಯೂ ನೋಡದವರಂತೆ ಕಣ್ಣು ಜಾರಿಸಿದರು. ಕಿಸಾಲಿಯಲ್ಲಿ ಆರು ವರ್ಷ ತನ್ನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದ ಹೆಂಗಸನ್ನು ಗುರುತಿಸದೆ ಇರುವುದಕ್ಕೂ ಒಂದು ಸಾಧನೆ ಬೇಕು.

"ಓ, ಸ್ವರ್ಣಲತಾ. ಕಾಫಿ ಕುಡಿದ್ರಾ?"

"ಕಾಫಿ ಬೇಡ ಹೊಳ್ರೆ. ಈ ಕಾವಲಿ ಎಲ್ಲಿದು?"

ಅವರು ಕೊತ್ತಂಬರಿಯನ್ನು ನಿಧಾನವಾಗಿ ಸಿಂಕಿನಲ್ಲಿಟ್ಟರು. ಸೌತಾಲ್ಲಿನಲ್ಲಿ ಹಳೆ ಸಾಮಾನು ಮಾರುವವನ ಹತ್ತಿರ ತಂದದ್ದು ಎಂದರು. ಸ್ವರ್ಣಲತಾ ಟಾರ್ಚು ಹಿಡಿದು ಹೆಸರು ತೋರಿಸಿದಳು. ಸೌತಾಲ್ಲಿನ ಸರ್ದಾರ್ಜಿ ಕನ್ನಡದಲ್ಲಿ ಕಿಸಾಲಿ ಎಂದು ಉಳಿ ಹೊಡೆಸಿದ್ದು ದೊಡ್ಡ ಮನಸ್ಸು ಎಂದಳು.

ಗಣಪಯ್ಯನ ಕಣ್ಣು ಒಮ್ಮೆಲೇ ತುಂಬಿ ಬಂತು. ಆ ಕಣ್ಣೀರು ನಲ್ಲಿಯಲ್ಲಿದ್ದಂತೆ, ತಿರುಗಿಸಿದ ತಕ್ಷಣ ಬರುತ್ತಿತ್ತು. ನಿಜ ಹೇಳುತ್ತೇನೆ ಎಂದರು. ಬೆಂಕಿ ಆರಿದ ಮೇಲೆ ಗುರುತಿನವರಿಂದ ಬೂದಿಯಲ್ಲಿ ಹುಡುಕಿಸಿದ್ದಂತೆ. ಸತ್ತವರ ನೆನಪಿಗೆ ಇರಲಿ ಅಂತ ತರಿಸಿದ್ದಂತೆ. ಜನ ಏನೆಂದುಕೊಳ್ಳುತ್ತಾರೋ ಎಂದು ಹೇಳಿರಲಿಲ್ಲವಂತೆ.

ಸ್ವರ್ಣಲತಾ ಒಂದು ಲೋಟ ನೀರು ತಂದು ತಣ್ಣಗಿದ್ದ ಕಾವಲಿಯ ನಡುವೆ ಸುರಿದಳು. ನೀರು ಸುತ್ತಲೂ ಸಮನಾಗಿ ಹರಡಿ ನಿಂತಿತು. ಯಾವ ಕಡೆಗೂ ಓಡಲಿಲ್ಲ.

"ಇಪ್ಪತ್ತು ವರ್ಷ ವಿಮಾ ಕಂಪನಿಗೆ ಸುಟ್ಟ ಅಂಗಡಿ ನೋಡಿ ವರದಿ ಬರೆದವಳು ನಾನು," ಎಂದಳು. "ಕೇಸಿನ ಫೋಟೋ ಕಂಡಿದ್ದೇನೆ, ಆ ಬೆಂಕಿಗೆ ನಿಮ್ಮ ಶಟರು ಹಪ್ಪಳದ ಹಾಂಗೆ ಸುರುಟಿತ್ತು. ತೊಲೆ ಬಗ್ಗಿತ್ತು. ಅದರೊಳಗೆ ಬಿದ್ದ ಕಬ್ಬಿಣ ಹೀಂಗೆ ಮಟ್ಟಸ ಇರೂದಿಲ್ಲ. ಎಣ್ಣೆ ಪದರ ಉರಿದು ಕೆಂಪು ತುಕ್ಕು ಹಿಡೀತದೆ. ಇದು ಕನ್ನಡಿ ಹಾಂಗೆ ಹೊಳೀತದೆ. ಈ ಕಾವಲಿ ಆ ಬೆಂಕಿಯನ್ನೇ ಕಂಡದ್ದಲ್ಲ ಹೊಳ್ರೆ."

ಗಣಪಯ್ಯ ಹೆಗಲ ಮೇಲಿನ ಬಟ್ಟೆಯಿಂದ ನೀರನ್ನು ಒರೆಸಿ ತೆಗೆದರು. ನೀರು ನಿಂತರೆ ಕಾವಲಿಗೆ ಒಳ್ಳೆಯದಲ್ಲ. ಆ ಹೊತ್ತಿನಲ್ಲೂ ಕೈ ತನ್ನ ಕೆಲಸ ಮರೆಯಲಿಲ್ಲ.

"ಅಂದರೆ ಬೆಂಕಿ ಬೀಳುವ ಮೊದಲೇ ಇದು ಹೊರಗೆ ಹೋಗಿತ್ತು," ಎಂದಳು ಅವಳು. "ಅಂದರೆ ಬೆಂಕಿ ಬೀಳ್ತದೆ ಅಂತ ನಿಮಗೆ ಗೊತ್ತಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಉರಿಯುವ ಮೊದಲೇ ಹಿರಿದವರನ್ನು ಇವತ್ತೇ ಕಂಡದ್ದು."

ಅವರು ಅಕ್ಕಿ ಮೂಟೆಯ ಮೇಲೆ ಕುಸಿದು ಕೂತರು. ಮಾತು ತಾನಾಗಿ ಬಂತು. ಟೆಂಬೆ ಪಡೆಯ ಮುಖಂಡನೊಬ್ಬ ಗಿರಾಕಿ. ಮಸಾಲೆದೋಸೆ ಎಂದರೆ ಪ್ರಾಣ. ಆ ದಿನ ಸಂಜೆ ತಿಂದು ಕೈ ತೊಳೆಯುತ್ತ, ಕತ್ತಲಾಗುವ ಮೊದಲು ಹೊರಟುಬಿಡು ಸ್ವಾಮಿ ಎಂದನಂತೆ. ಅಷ್ಟೇ ಹೇಳಿದ್ದಂತೆ. ಗಣಪಯ್ಯನಿಗೆ ಅರ್ಥವಾಗಲು ಅಷ್ಟು ಸಾಕಾಗಿತ್ತು.

ಒಳಗಿದ್ದವರಿಗೆ ಹೇಳಿದಿರಾ ಎಂದು ಸ್ವರ್ಣಲತಾ ಕೇಳಿದಳು. ಹೇಳಿದರೆ ಗಲಾಟೆಯಾಗುತ್ತಿತ್ತು, ನಮ್ಮನ್ನೂ ಬಿಡುತ್ತಿರಲಿಲ್ಲ ಎಂದರು. ಗಾಡಿಯಲ್ಲಿ ಹತ್ತು ಮಕ್ಕಳಾದರೂ ಹಿಡಿಯುತ್ತಿರಲಿಲ್ಲವೇ ಎಂದು ಕೇಳಿದಳು. ಗಾಡಿಯಲ್ಲಿ ಕಾವಲಿ ಇತ್ತು.

"ಮೂವತ್ತೊಂದು ಜನರನ್ನು ಬಿಟ್ಟು ಬಪ್ಪುಕೆ ಮನಸ್ಸಾಯ್ತು. ಇದನ್ನ್ ಬಿಟ್ಟು ಬಪ್ಪುಕೆ ಆಯ್ಲಿಲ್ಲ. ಅಲ್ದಾ?"

ಗಣಪಯ್ಯ ತಲೆಯೆತ್ತಿದರು. ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಅಪ್ಪಯ್ಯ ಪಳಗಿಸಿದ ಕಾವಲಿ ತಂಗಿ. ಹೊಸತ್ರಲ್ಲಿ ದೋಸೆ ಏಳೂದೇ ಇಲ್ಲ. ಹೋಟ್ಲಿನೋರ ಮಗಳ್ ನೀವ್, ನಿಮಗ್ ಗೊತ್ತಿಲ್ದಾ?"

ಸ್ವರ್ಣಲತಾಳಿಗೆ ಗೊತ್ತಿತ್ತು. ಅದೇ ಅವಳಿಗೆ ಅಸಹ್ಯವಾದದ್ದು. ಕುಂದಾಪುರದ ತನ್ನ ಅಪ್ಪನೂ ಮನೆಗೆ ನೀರು ನುಗ್ಗಿದ ವರ್ಷ ಮೊದಲು ಅಟ್ಟಕ್ಕೇರಿಸಿದ್ದು ಕಾವಲಿಯನ್ನೇ, ಆಮೇಲೆ ಅಜ್ಜಿಯನ್ನು. ಈ ಮಾತು ಬೇರೆ ಯಾವ ದೇಶದ, ಯಾವ ಕುಲದ ಪತ್ತೇದಾರನಿಗೂ ಹೊಳೆಯುತ್ತಿರಲಿಲ್ಲ. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು, ಹೇಸಿಗೆಯೂ ಆಯಿತು. ಈ ಮನುಷ್ಯನನ್ನು ಉಗಿಯಬೇಕೆಂದರೆ ಬಾಯಲ್ಲಿ ತನ್ನ ಊರಿನದೇ ರುಚಿ.

ಇರಲಿ. ಕೆಲಸ ಆಗಿತ್ತು. ಈ ಸಾಕ್ಷಿ ಸುಳ್ಳುಗಾರ, ಬೆಂಕಿಯ ಸುದ್ದಿ ಮೊದಲೇ ಬಲ್ಲವನು, ತನ್ನ ತಪ್ಪನ್ನು ಅಡುಗೆಯವನ ತಲೆಗೆ ಕಟ್ಟಿದವನು. ಕೋರ್ಟಿನಲ್ಲಿ ಇದಿಷ್ಟು ನಿಂತರೆ ಮಾಧವ ಬಚಾವು. ಅವಳು ಇಂದುವಿನ ಕಡೆ ತಿರುಗಿ ನಕ್ಕಳು. ಇಂದು ನಗಲಿಲ್ಲ.

"ಬೀಗ ಹಾಕಿದ್ದು ಮಾಧವ ಅಂತ ಬೆಳಿಗ್ಗೆ ಕೋರ್ಟಲ್ಲಿ ಇನ್ನೊಮ್ಮೆ ಹೇಳ್ತೀರಾ ಹೊಳ್ರೆ? ಇದನ್ನು ಕೇಳಿಸಿದ ಮೇಲೆ?" ಎಂದು ಮೊಬೈಲು ತೋರಿಸಿದಳು.

ಗಣಪಯ್ಯ ಮೊಬೈಲನ್ನು ನೋಡಿದರು, ಕಾವಲಿಯನ್ನು ನೋಡಿದರು. ಕಣ್ಣೀರು ಎಲ್ಲಿಂದ ಬಂತೋ ಅಲ್ಲಿಗೇ ಹೋಯಿತು. ತುಟಿಯ ಕೊನೆಯಲ್ಲಿ ಸಣ್ಣ ನಗು ಮೂಡಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ನಗು ಅದು.

"ನೀವ್ ಬುದ್ಧಿವಂತೆ. ಆದ್ರೆ ಒಂದ್ ಕೆಲಸ ಮಾಡಿ ಕಾಂಬ. ಇದನ್ನ ಎತ್ತಿ."

ಅವಳು ಕದಲಲಿಲ್ಲ.

"ಆಗ್ಲೇ ಎತ್ತೂಕೆ ಹೋಗಿದ್ರಿ, ಅಂಗೈಯಲ್ಲಿ ಎಣ್ಣೆಮಸಿ ಕಾಣ್ತದೆ. ಆಯ್ತಾ? ಇಬ್ರ್ ಬೇಕು. ನನ್ನ ಸೊಂಟಕ್ಕೆ ಆಪರೇಶನ್ ಆದದ್ದು ಊರಿಗೆಲ್ಲ ಗೊತ್ತಿತ್ತು. ಒಂದ್ ತುದಿ ಬಟ್ಟೆ ಸುತ್ತಿ ನಾನ್ ಹಿಡಿದೆ. ಇನ್ನೊಂದ್ ತುದಿ ಯಾರ್ ಹಿಡಿದ್ರು ಅಂತ ಆ ಹೆಂಗಸಿಗೆ ಕೇಳಿ." ಈಗ ಮೊದಲ ಸಲ ಅವರು ಇಂದುವಿನ ಕಡೆ ಬೆರಳು ತೋರಿಸಿದರು. "ಸಂಜೆ ದೋಸೆ ಹಾಕಿ ಮುಗಿದಿತ್ತಷ್ಟೇ. ಕಾವಲಿ ಇನ್ನೂ ಆರಿರಲಿಲ್ಲ. ಬಟ್ಟೆ ಸುತ್ಕಳ್ ಅಂದ್ರೂ ಕೇಂಬಷ್ಟ್ ಪುರುಸೊತ್ತಿರ್ಲಿಲ್ಲ ಅವನಿಗೆ. ಗಾಡಿ ಬಿಟ್ಟದ್ದೂ ಅವನೇ. ಬಂದರಿಗೆ ನಾಲ್ಕ್ ಗಂಟೆ ದಾರಿ, ಪಕ್ಕದಲ್ಲೇ ಕೂತಿದ್ದೆ ನಾನ್. ನನಗ್ ಗೊತ್ತಿತ್ತು ಅಂದ್ರೆ ಅವನಿಗೂ ಗೊತ್ತಿತ್ತು. ಹಾಕಿ ನಿಮ್ಮ ರೆಕಾರ್ಡು. ಮುಳುಗೂದಾದ್ರೆ ಇಬ್ರೂ ಮುಳುಗ್ತೋ."

ಸ್ವರ್ಣಲತಾಳ ಕಣ್ಣ ಮುಂದೆ ಮಾಧವನ ಅಂಗೈಗಳು ಬಂದವು. ಎರಡೂ ಅಂಗೈಗೆ ಅಡ್ಡಲಾಗಿ, ಗೆರೆ ಎಳೆದ ಹಾಗೆ ನೇರವಾದ ಸುಟ್ಟ ಕಲೆ. ಉರಿಯುವ ಶಟರನ್ನು ಬರಿಗೈಯಲ್ಲಿ ಮೇಲೆತ್ತಲು ಹೋಗಿ ಆದದ್ದು ಎಂದು ಅವನು ಹೇಳಿದ್ದ. ಅವಳು ನಂಬಿದ್ದಳು. ನಂಬಿ, ಇದು ಜನರನ್ನು ಉಳಿಸಲು ಹೋದವನ ಕೈ ಎಂದು ವಕೀಲೆಗೆ ವರದಿ ಬರೆದುಕೊಟ್ಟಿದ್ದಳು. ಸ್ವಲ್ಪ ಹೊತ್ತಿನ ಮುಂಚೆ ತಾನೇ ಈ ಕಬ್ಬಿಣದ ಜತೆ ಗುದ್ದಾಡಿ ಸೋತರೂ, ಗಣಪಯ್ಯನನ್ನು ಹೀನಾಯವಾಗಿ ಕಾಣುವ ಭರದಲ್ಲಿ, ಆ ಮುದುಕ ಒಬ್ಬನೇ ಇದನ್ನು ಹೊತ್ತನೇ ಎಂದು ಕೇಳಿಕೊಂಡಿರಲಿಲ್ಲ. ತಿರಸ್ಕಾರಕ್ಕೂ ಒಂದು ಕುರುಡು ಇರುತ್ತದೆ. ಅದು ಅವಳಿಗೆ ಚೆನ್ನಾಗಿ ನಾಟಿತು.

ಆದರೆ ತಲೆ ಸುಮ್ಮನಿರಲಿಲ್ಲ. ನಾಲ್ಕು ಗಂಟೆ ದಾರಿ. ಗಾಡಿ ಬಿಟ್ಟದ್ದು ಮಾಧವ. ಅವರು ಹೊರಟಾಗ ಇನ್ನೂ ಬೆಳಕಿತ್ತು.

"ಹೊಳ್ರೆ," ಎಂದಳು ನಿಧಾನವಾಗಿ, "ನೀವು ಹೊರಡುವಾಗ ಶಟರಿಗೆ ಬೀಗ ಇತ್ತಾ?"

"ಎಲ್ಲಿತ್ತು? ಅರ್ಧ ತೆರೆದೇ ಇತ್ತು. ಆ ಕುರುಡ ಮುದುಕ ಕುರ್ಚಿ ಹಾಕ್ಕಂಡ್ ಬಾಗಿಲಲ್ಲೇ ಕೂತಿದ್ದ."

"ಮಾಧವ ತಿರುಗಿ ಹೋದನಾ?"

"ಹ್ಯಾಂಗೆ ಹೋಪುದು? ರಾತ್ರಿಯಿಡೀ ಬಂದರಿನ ಗೋಡೌನಲ್ಲಿ ನನ್ನ ಜತೆಗೇ..."

ತಾನು ಏನು ಹೇಳಿಬಿಟ್ಟೆ ಎಂಬುದು ಗಣಪಯ್ಯನಿಗೂ ತಿಳಿಯಿತು. ಸ್ವರ್ಣಲತಾಳಿಗೆ ಕೂಗಬೇಕೆನಿಸುವಷ್ಟು ಖುಷಿಯಾಯಿತು. "ಮುಳುಗಿಸಲಿಕ್ಕೆ ಹೋಗಿ ದಡ ಮುಟ್ಟಿಸಿದಿರಿ," ಎಂದಳು. "ಅವನು ಹೇಡಿ ಇರಬಹುದು. ಬಾಯಿ ಮುಚ್ಚಿಕೊಂಡು ಹೋದದ್ದಕ್ಕೆ ದೇವರು ಅವನನ್ನು ಕೇಳಲಿ. ಆದರೆ ಬೀಗ ಹಾಕಿದ್ದು ಅವನಲ್ಲ. ಅದನ್ನು ನಿಮ್ಮ ಬಾಯಿಂದಲೇ ಹೇಳಿದಿರಿ."

ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಾಗಿದ್ದರೆ ಮಾಧವ ಇಷ್ಟು ದಿನ ಇದನ್ನೇಕೆ ಹೇಳಲಿಲ್ಲ? ನಾನು ಆ ಹೊತ್ತಿಗೆ ಊರಲ್ಲೇ ಇರಲಿಲ್ಲ ಎಂಬ ಒಂದು ಮಾತು ಅವನನ್ನು ಉಳಿಸುತ್ತಿತ್ತು. ಅದನ್ನು ಬಿಟ್ಟು, ಶಟರಿನ ಮುಂದೆ ತಾನಿದ್ದೆ ಎಂದು ಸುಳ್ಳೇ ಕತೆ ಕಟ್ಟಿ, ಸುಟ್ಟ ಕೈಯನ್ನು ತೋರಿಸಿ, ಸಾವಿನ ಬಾಯಿಗೆ ತಾನೇ ತಲೆ ಕೊಟ್ಟಿದ್ದ. ಹೇಡಿ ಅಂಥ ಕೆಲಸ ಮಾಡುವುದಿಲ್ಲ. ಯಾರನ್ನೋ ಬೆನ್ನ ಹಿಂದೆ ಇಟ್ಟುಕೊಂಡವನು ಮಾತ್ರ ಮಾಡುತ್ತಾನೆ.

ಗಾಡಿಯಲ್ಲಿ ಇಬ್ಬರೇ. ಒಬ್ಬ ಗಣಪಯ್ಯ, ಒಬ್ಬ ಮಾಧವ. ಹಾಗಾದರೆ ಹೋಟೆಲಿನಲ್ಲಿ ಉಳಿದವರು?

ಸ್ವರ್ಣಲತಾ ಮೂಲೆಯ ಕಡೆ ತಿರುಗಿದಳು.

ಇಂದು ಎದ್ದು ನಿಂತಿದ್ದಳು. ಕರಿಮಣಿ ಸರವನ್ನು ಮುಂದಕ್ಕೆ ಎಳೆದುಕೊಂಡು, ಪಿನ್ನುಗಳ ನಡುವಿನಿಂದ ಸಣ್ಣ ಕೀಲಿಕೈಯನ್ನು ಬಿಡಿಸುತ್ತಿದ್ದಳು. ಊರಿನ ಟ್ರಂಕಿನದಿರಬೇಕು ಎಂದು ಸ್ವರ್ಣಲತಾ ತಿಂಗಳುಗಟ್ಟಲೆ ನೋಡಿ ಬಿಟ್ಟಿದ್ದ ಕೀಲಿಕೈ. ಬಿಡಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಪಿನ್ನು ಬಿಗಿಯಾಗಿತ್ತು.

"ಅವ್ರ್ ಹಾಕಿದ್ದಲ್ಲ ಅಂತ ಗೊತ್ತಾಯ್ತಲ್ದಾ ಸ್ವರ್ಣಕ್ಕ. ಇನ್ನ್ ಅವರನ್ನ ಕಳ್ಸೂದಿಲ್ಲ ಅಲ್ದಾ?"

"ಇಂದು, ಸುಮ್ಮನಿರು," ಎಂದಳು ಸ್ವರ್ಣಲತಾ. ಮಸಾಲೆ ಡಬ್ಬಿಗಳ ನಡುವೆ ಮೊಬೈಲಿನ ಕೆಂಪು ಚುಕ್ಕಿ ಇನ್ನೂ ಉರಿಯುತ್ತಿತ್ತು. ಕೈ ಚಾಚಿದರೆ ಆರಿಸಬಹುದಿತ್ತು. ಆರಿಸಿದರೆ ಮಾಧವನ ಕಡೆಗೆ ಉಳಿಯುವುದು ಒಬ್ಬ ಸುಳ್ಳುಗಾರನ ಮಾತು ಮಾತ್ರ. ಅವಳ ಕೈ ಅರ್ಧಕ್ಕೆ ಹೋಗಿ ನಿಂತಿತು.

ಇಂದು ಸುಮ್ಮನಿರಲಿಲ್ಲ. ಗಣಪಯ್ಯನ ಮುಂದಿನಿಂದಲೇ ಹಾದು ಬಂದಳು. ಅವರು ಅವಳನ್ನು ಬಾಯಿ ತೆರೆದು ನೋಡುತ್ತಿದ್ದರು. ಇಷ್ಟು ಸುಳ್ಳು ಹೇಳಿದ ಆ ಮುಖಕ್ಕೂ ಈ ಒಂದು ವಿಷಯ ಗೊತ್ತಿರಲಿಲ್ಲ ಎಂಬುದು ಅದರಲ್ಲೇ ಬರೆದಿತ್ತು.

ಅವಳು ಕೀಲಿಕೈಯನ್ನು ಕಾವಲಿಯ ಮೇಲಿಟ್ಟಳು.

"ಹೊರಗೆ ಬೀಗ ಕಂಡ್ರೆ ಒಳಗೆ ಯಾರೂ ಇಲ್ಲ ಅಂತ ಪಡೆಯೋರ್ ತಿರುಗಿ ಹೋಗ್ತಾರೆ ಅಂದ್ಕಂಡೆ. ಬೀಗ ಹಾಕಿದ್ದ್ ನಾನ್."